ಛಾವಣಿಯ ಎಸಿ ಸೋರುತ್ತಿದೆಯೇ? ಮುಚ್ಚುವ ಮುನ್ನ ಹುಡುಕಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ದಮ್ಮು ಇದ್ದರೆ, ಅವರು ಮಲಗುವ ಜಾಗದ ಮೇಲ್ಛಾವಣಿಯನ್ನು ಇವತ್ತೇ ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಎಸಿ ಇರುವ ಕೋಣೆಯಾದರೆ ಎಸಿಯ ಕೆಳಗಿನ ಗೋಡೆಯನ್ನೂ ಮುಟ್ಟಿ. ತಣ್ಣಗಿದ್ದರೆ ಚಿಂತೆಯಿಲ್ಲ, ಒದ್ದೆಯಿದ್ದರೆ ಮುಂದೆ ಓದಿ. ನಾವು ಹೀಗೆ ಮುಟ್ಟಿ ನೋಡಲು ಮೂರು ತಿಂಗಳು ತಡಮಾಡಿದೆವು. ಆ ಮೂರು ತಿಂಗಳು ನಮ್ಮ ಅಮ್ಮಿ ರಾತ್ರಿಯೆಲ್ಲ ಎದ್ದು ಕೂತು ಉಸಿರಾಡಿದರು.

ನಮ್ಮದು ಶಿಡ್ಲಘಟ್ಟ. ಮನೆಗೆ ಹೊಂದಿಕೊಂಡೇ ರೇಷ್ಮೆ ರೀಲಿಂಗ್ ಇದೆ. ಗೂಡು ಬೇಯಿಸುವ ಬಿಸಿನೀರಿನ ಆವಿ, ಬೆಂದ ಹುಳುವಿನ ವಾಸನೆ, ಬಾಯ್ಲರ್ ಹೊಗೆ ಇವೆಲ್ಲ ಇಲ್ಲಿ ಹುಟ್ಟಿದವರಿಗೆ ಹೊಸದಲ್ಲ. ರೀಲಿಂಗ್ ಕೆಲಸಗಾರರಿಗೆ ಉಬ್ಬಸ ಬರುವುದೂ ಹೊಸದಲ್ಲ. ಅಮ್ಮಿಗೆ ದಮ್ಮು ಶುರುವಾಗಿ ಹತ್ತು ವರ್ಷವಾಯಿತು. ಇನ್‌ಹೇಲರ್ ಇತ್ತು, ಹತೋಟಿಯಲ್ಲೂ ಇತ್ತು.

ಭಾಯಿ ಒಂದು ಹಳೆಯ ಮಿನಿ ಬಸ್ ಕೊಂಡುಕೊಂಡು ಅದನ್ನು ಕ್ಯಾರವಾನ್ ಮಾಡಿಸಿದರು. ಸಿನಿಮಾದವರ ಕ್ಯಾರವಾನ್ ನೋಡಿದ್ದೀರಲ್ಲ, ಅದರ ಬಡ ತಮ್ಮ ಎಂದುಕೊಳ್ಳಿ. ಎರಡು ಮಂಚ, ಒಂದು ಸ್ಟವ್, ಸಣ್ಣ ಬಚ್ಚಲು, ಛಾವಣಿಯ ಮೇಲೆ ಒಂದು ಎಸಿ. ವಾರಾಂತ್ಯಕ್ಕೆ ನಂದಿ ಬೆಟ್ಟದ ಕಡೆ ಬರುವ ಬೆಂಗಳೂರಿನವರಿಗೆ ಬಾಡಿಗೆಗೆ ಕೊಡುವ ಯೋಚನೆ ಅವರದ್ದು. (ಗಾಡಿಯನ್ನು ಹೀಗೆ ಬದಲಾಯಿಸಬೇಕಾದರೆ ಆರ್‌ಟಿಓ ಅನುಮತಿ ಬೇಕು. ಅದನ್ನು ಮಾಡಿಸದೆ ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ, ಅಪಘಾತವಾದರೆ ವಿಮೆ ಸಿಗುವುದು ಕಷ್ಟ.) ಬಾಡಿಗೆ ಇಲ್ಲದ ದಿನ ಗಾಡಿ ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲುತ್ತಿತ್ತು. ರೀಲಿಂಗ್ ಆವಿಯಿಂದ ದೂರ, ತಂಪು ಬೇರೆ. ಅಮ್ಮಿ ಮಧ್ಯಾಹ್ನ ಅಲ್ಲೇ ಮಲಗತೊಡಗಿದರು. ಆಮೇಲೆ ರಾತ್ರಿಯೂ ಅಲ್ಲೇ. ಮನೆಯಿಂದ ಒಂದು ವೈರ್ ಎಳೆದು ಎಸಿ ಹಾಕಿಕೊಡುತ್ತಿದ್ದೆವು. ಅಮ್ಮಿಗೆ ಒಳ್ಳೆಯ ಗಾಳಿಯ ಜಾಗ ಸಿಕ್ಕಿತು ಎಂದು ನಾವೆಲ್ಲ ಖುಷಿಪಟ್ಟೆವು.

ಮೊದಲ ಸಲ ಸೋರಿದ್ದು ಮೇ ತಿಂಗಳಲ್ಲಿ, ಮಂಗಳೂರಿನ ಕಡೆ ಒಂದು ಮದುವೆಗೆ ಹೋದಾಗ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟುವಷ್ಟರಲ್ಲಿ ಅಮ್ಮಿಯ ದುಪಟ್ಟಾ ಮೇಲೆ ಟಪ್ ಟಪ್ ಎಂದು ನೀರು. ಮದುವೆ ಮುಗಿಸಿ ಊರಿಗೆ ಬಂದರೆ ಒಂದು ಹನಿಯೂ ಇಲ್ಲ. ಆದರೂ ಭಾಯಿ ಸುಮ್ಮನಿರಲಿಲ್ಲ. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಛಾವಣಿ ಹತ್ತಿ, ಎಸಿಯ ಬುಡದ ಸುತ್ತ ಸಿಲಿಕೋನ್ ಹಚ್ಚಿ, ಒಂದು ಕೂದಲೂ ನುಸುಳದ ಹಾಗೆ ಮುಚ್ಚಿ ಕಳಿಸಿದರು. ನೋಡಲು ಬಹಳ ಅಚ್ಚುಕಟ್ಟಾದ ಕೆಲಸ.

ಜುಲೈ ಹೊತ್ತಿಗೆ ಅಮ್ಮಿಗೆ ದಿನಕ್ಕೆರಡು ಸಲ ಇದ್ದ ಇನ್‌ಹೇಲರ್ ಸಾಲದಾಯಿತು. ಎರಡು ಸಲ ನೆಬುಲೈಸರ್ ಹಾಕಿಸಿದೆವು. ರೀಲಿಂಗ್ ನಿಲ್ಲಿಸಿಬಿಡೋಣವೇ ಎಂಬಲ್ಲಿಗೆ ಮಾತು ಬಂತು. ಮನೆಯ ಅನ್ನವೇ ಅದು, ನಿಲ್ಲಿಸುವುದೆಂದರೆ ಸುಲಭವೇ? ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಎಲ್ಲ ಕೇಳಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಇವರು ಮಲಗೋದು ಎಲ್ಲಿ?" ಗಾಡಿಯಲ್ಲಿ ಎಂದೆ. "ಅಲ್ಲಿ ಮುಗ್ಗಲು ವಾಸನೆ ಇದೆಯಾ?" ಎಂದರು. ಇತ್ತು. ಹೊಸ ಪ್ಲೈವುಡ್ಡಿನ ವಾಸನೆ ಎಂದುಕೊಂಡಿದ್ದೆವು.

ಅಂದು ಸಂಜೆ ಮಂಚದ ಮೇಲೆ ನಿಂತು ಸೀಲಿಂಗ್ ಮುಟ್ಟಿದೆ. ಎಸಿಯ ಸುತ್ತ ಒಂದು ಮೊಳದಷ್ಟು ಬಟ್ಟೆ ಒದ್ದೆ ಸ್ಪಂಜಿನ ಹಾಗಿತ್ತು. ಒತ್ತಿದರೆ ನೀರು ಬಂತು. ಅಂಚು ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪು ಬೂಷ್ಟು.

ಈ ನೀರು ಎಲ್ಲಿಂದ ಬಂತು ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ರಿಪೇರಿ ಆದ ಹಾಗೆ. ಎಸಿ ಎಂದರೆ ತಂಪು ಮಾಡುವ ಯಂತ್ರ ಎಂದು ನಾವು ತಿಳಿದಿದ್ದೇವೆ. ಆದರೆ 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವವನ್ನು ಹತೋಟಿಗೆ ತರುವುದೇ ಅವನಿಗೆ ಕೊಟ್ಟ ಕೆಲಸ. ಇವತ್ತಿಗೂ ಎಸಿ ಆ ಕೆಲಸವನ್ನು ಬಿಟ್ಟಿಲ್ಲ. ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯುವಾಗ, ಐಸ್ ನೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ, ಗಾಳಿಯಲ್ಲಿದ್ದ ನೀರು ಅಲ್ಲಿ ಹನಿಯಾಗಿ ಇಳಿಯುತ್ತದೆ. ಆದ್ದರಿಂದ ಎಸಿಯಿಂದ ನೀರು ಬರುವುದು ದೋಷವಲ್ಲ. ಆ ನೀರು ಹೊರಗೆ ಹೋಗುವ ದಾರಿ ತಪ್ಪಿ ಒಳಗೆ ಬಂದರೆ ಅದು ದೋಷ.

ನಮ್ಮ ಸೀಮೆಯವರು ಇಲ್ಲೇ ಮೋಸ ಹೋಗುವುದು. ಗೌರಿಬಿದನೂರಿನ ಏಪ್ರಿಲ್ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. 35 ಡಿಗ್ರಿ ಬಿಸಿಲು, ಗಾಳಿಯ ತೇವ ಶೇ. 30 ಎಂದಿಟ್ಟುಕೊಂಡರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಿರುತ್ತದೆ. ಕರಾವಳಿಯಲ್ಲಿ 32 ಡಿಗ್ರಿ, ತೇವ ಶೇ. 75 ಇದ್ದರೆ ಅಷ್ಟೇ ಗಾಳಿಯಲ್ಲಿ 25 ಗ್ರಾಂ. ಎರಡು ಪಟ್ಟಿಗೂ ಹೆಚ್ಚು. ತೇವದ ಊರಿನಲ್ಲಿ ಒಂದು ಟನ್ನಿನ ಎಸಿ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರನ್ನೂ ಹಿಂಡಬಲ್ಲದು. ಹೀಗಾಗಿ ಚಿಕ್ಕಬಳ್ಳಾಪುರ, ಚಿಂತಾಮಣಿಯ ಒಣ ಹವೆಯಲ್ಲಿ ನೀರಿನ ದಾರಿ ಅರ್ಧ ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಗಾಡಿ ಘಾಟಿ ಇಳಿದ ಮೇಲೆ ಗುಟ್ಟು ರಟ್ಟಾಗುತ್ತದೆ. ಊರಿಗೆ ಬಂದ ಮೇಲೆ ಸೋರುವುದು ನಿಂತರೆ, ರಿಪೇರಿಯಾಯಿತು ಎಂದು ಯಾರೋ ದುಡ್ಡು ಪಡೆದಿರುತ್ತಾರೆ.

ಚಿಂತಾಮಣಿಯಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಕೊಲ್ಲಿಯಲ್ಲಿ ಹಲವು ವರ್ಷ ಬಸ್ಸುಗಳ ಎಸಿ ಕೆಲಸ ಮಾಡಿ ಬಂದವರು. ಗ್ಯಾರೇಜಿನ ಹುಡುಗರು ಅವರನ್ನು ಉಸ್ತಾದ್ ಎನ್ನುತ್ತಾರೆ. (ಮದ್ರಸದ ಉಸ್ತಾದ್ ಅಲ್ಲ, ಪಾನಾ ಹಿಡಿಯುವ ಉಸ್ತಾದ್.) ಭಾಯಿ ಗಾಡಿ ನಿಲ್ಲಿಸಿದ ಕೂಡಲೇ ಅವರು ಏಣಿ ತರಿಸಲಿಲ್ಲ, ಗ್ಯಾಸ್ ಚೆಕ್ ಮಾಡಲಿಲ್ಲ. "ಏನ್ ಭಾಯ್, ಎಸಿ ಓಡೋವಾಗ ಸೋರುತ್ತಾ, ಮಳೆ ಬಂದಾಗ ಸೋರುತ್ತಾ?" ಎಂದು ಕೇಳಿದರು. ಭಾಯಿಗೆ ಉತ್ತರ ಗೊತ್ತಿರಲಿಲ್ಲ. "ಹಾಗಾದ್ರೆ ಮೊದಲು ಅದನ್ನ ನೋಡೋಣ. ಆಮೇಲೆ ಮುಟ್ಟೋಣ."

ನೀವೂ ಮೊದಲು ಮಾಡಬೇಕಾದ್ದು ಇದೇ. ಅದಕ್ಕೆ ಮೆಕ್ಯಾನಿಕ್ ಬೇಡ, ಒಂದು ಟಾರ್ಚ್, ಒಂದು ಬಕೆಟ್ ನೀರು ಮತ್ತು ತಾಳ್ಮೆ ಸಾಕು. ಮಳೆಯಿಲ್ಲದ ದಿನ ಎಸಿ ಆರಿಸಿ, ಒಳಗಿನ ಒದ್ದೆಯೆಲ್ಲ ಒರೆಸಿ ಒಣಗಲು ಬಿಡಿ. ಆಮೇಲೆ ಒಬ್ಬರು ಟಾರ್ಚ್ ಹಿಡಿದು ಗಾಡಿಯ ಒಳಗೆ ಕೂರಲಿ, ಇನ್ನೊಬ್ಬರು ಏಣಿಯ ಮೇಲಿಂದ ಮಗ್ಗಿನಲ್ಲಿ ನಿಧಾನವಾಗಿ ನೀರು ಸುರಿಯಲಿ. ಮೊದಲು ಎಸಿಯ ಒಂದು ಪಕ್ಕ, ಐದು ನಿಮಿಷ ಬಿಟ್ಟು ಇನ್ನೊಂದು ಪಕ್ಕ. ಆತುರಪಟ್ಟು ಎಲ್ಲ ಕಡೆ ಒಮ್ಮೆಗೇ ಸುರಿದರೆ ಯಾವ ಕಡೆಯಿಂದ ನುಗ್ಗಿತೆಂದು ಗೊತ್ತಾಗುವುದಿಲ್ಲ. ಹೀಗೆ ಸುರಿದಾಗ ಒಳಗೆ ಹನಿ ಬಿದ್ದರೆ ಅದು ಮಳೆನೀರಿನ ದಾರಿ, ಅಂದರೆ ಎಸಿ ಮತ್ತು ಛಾವಣಿಯ ನಡುವಿನ ಗ್ಯಾಸ್ಕೆಟ್ ಕೆಟ್ಟಿದೆ, ಇಲ್ಲವೇ ಛಾವಣಿಯ ತಗಡಿನಲ್ಲೇ ಬೇರೆಲ್ಲೋ ಬಿರುಕಿದೆ. ಅಂಟೆನಾ, ಕ್ಯಾರಿಯರ್, ಲೈಟಿಗೆಂದು ಕೊರೆದ ತೂತುಗಳನ್ನೂ ನೋಡಿ. ನೀರು ಒಂದು ಕಡೆ ಒಳಗೆ ಬಂದು ಪ್ಲೈವುಡ್ಡಿನ ಮೇಲೆ ನಾಲ್ಕು ಅಡಿ ಹರಿದು ಇನ್ನೊಂದು ಕಡೆ ತೊಟ್ಟಿಕ್ಕುವುದುಂಟು.

ನೀರು ಸುರಿದರೂ ಒಳಗೆ ಒಣಗಿಯೇ ಇದ್ದರೆ ಎಸಿ ಹಾಕಿ ಕಾಯಿರಿ. ಅರ್ಧ ಗಂಟೆ, ಒಂದು ಗಂಟೆಯ ಮೇಲೆ ಹನಿ ಶುರುವಾದರೆ ಅದು ಯಂತ್ರದ್ದೇ ನೀರು, ಹೊರಹೋಗುವ ದಾರಿ ಕಟ್ಟಿದೆ ಎಂದರ್ಥ. ಎಸಿ ಓಡುವಾಗ ಸುಮ್ಮನಿದ್ದು, ಆರಿಸಿದ ಮೇಲೆ ಒಮ್ಮೆಗೇ ಸುರಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಈಗ ಕರಗುತ್ತಿದೆ ಎಂದರ್ಥ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಹಾಯದಿದ್ದಾಗ ಹೀಗಾಗುತ್ತದೆ, ಗ್ಯಾಸ್ ಕಡಿಮೆಯಾದಾಗಲೂ ಆಗುತ್ತದೆ. ಆದ್ದರಿಂದ ಗ್ಯಾಸ್ ತುಂಬಿಸಲು ದುಡ್ಡು ಕೊಡುವ ಮುಂಚೆ ಫಿಲ್ಟರ್ ತೊಳೆದು ನೋಡಿ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಸುರಿದರೆ ಟ್ರೇಯಲ್ಲಿ ನೀರು ನಿಂತಿದೆ, ಗಾಡಿ ವಾಲಿದಾಗ ತುಳುಕುತ್ತಿದೆ. ನಂದಿ ಬೆಟ್ಟದ ತಿರುವುಗಳಲ್ಲಿ ಕಿಟಕಿ ಪಕ್ಕದವರ ತಲೆ ಒದ್ದೆಯಾಗುವ ಟಿಟಿ ಗಾಡಿಗಳ ಕಾಯಿಲೆ ಹೆಚ್ಚಾಗಿ ಇದೇ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಏನು ಗೊತ್ತೇ? ಇಂಥ ಕ್ಯಾರವಾನ್ ಎಸಿಯನ್ನು ಛಾವಣಿಯಲ್ಲಿ ಸುಮಾರು 14 ಇಂಚಿನ ಚೌಕ ತೂತು ಕೊರೆದು ಅದರ ಮೇಲೆ ಕೂರಿಸುತ್ತಾರೆ. ಕಾಯಿಲ್‌ನಿಂದ ಇಳಿದ ನೀರು ಕೆಳಗಿನ ಟ್ರೇಗೆ ಬೀಳುತ್ತದೆ. ಟ್ರೇಯ ಅಂಚಿನ ಸಣ್ಣ ಕಂಡಿಗಳಿಂದ ಛಾವಣಿಯ ಮೇಲೆ ಹರಿದು, ಗಾಡಿಯ ಪಕ್ಕದಿಂದ ನೆಲಕ್ಕೆ ಹೋಗುತ್ತದೆ. ಅಂದರೆ ಎಸಿಯ ಬುಡದ ಹೊರ ಅಂಚು ತೆರೆದಿರಲೇಬೇಕು. ಮೇ ತಿಂಗಳಲ್ಲಿ ಆ ಕಂಡಿಗಳಲ್ಲಿ ಬರೀ ಧೂಳು, ಹೊಂಗೆ ಎಲೆ ಸಿಕ್ಕಿಕೊಂಡಿತ್ತು, ಅಷ್ಟೇ. ಅಚ್ಚುಕಟ್ಟಾಗಿ ಹಚ್ಚಿದ ಸಿಲಿಕೋನ್ ಉಳಿದ ದಾರಿಯನ್ನೂ ಮುಚ್ಚಿತು. ಹೊರಗೆ ಹೋಗಲಾರದ ನೀರು ಟ್ರೇ ತುಂಬಿ, ನಡುವಿನ ಚೌಕ ತೂತಿನಿಂದ ಸೀಲಿಂಗಿಗೆ ಇಳಿಯತೊಡಗಿತು. ಹನಿಯಾಗಿ ಬಿದ್ದಿದ್ದರೆ ನಾವು ನೋಡುತ್ತಿದ್ದೆವು. ಸ್ಪಂಜು, ಬಟ್ಟೆ, ಪ್ಲೈವುಡ್ ಅದನ್ನು ಕುಡಿದು ನಮ್ಮ ಕಣ್ಣಿಗೆ ಬೀಳದಂತೆ ಇಟ್ಟುಕೊಂಡವು. ಉಸ್ತಾದ್ ಬ್ಲೇಡಿನಿಂದ ಸಿಲಿಕೋನ್ ಕೆರೆದು ತೆಗೆಯುತ್ತಿದ್ದಾಗ ಒಂದು ಮೂಲೆಯಿಂದ ಕಂದು ಬಣ್ಣದ ನೀರು ಭಾಯಿಯ ಅಂಗಿಯ ಮೇಲೆಯೇ ಹಾರಿತು.

ಕಂಡಿಗಳನ್ನು ಮೃದುವಾದ ಬ್ರಷ್‌ನಿಂದ ಬಿಡಿಸಿ, ಸೋಪಿನ ನೀರು ಹಾಕಿ ತೊಳೆದರು. ಟಿಟಿ, ಮಿನಿ ಬಸ್, ಶಾಲೆಯ ವ್ಯಾನುಗಳಲ್ಲಿ ಈ ಏರ್ಪಾಡು ಬೇರೆ. ಅಲ್ಲಿ ಟ್ರೇಯಿಂದ ರಬ್ಬರ್ ಪೈಪುಗಳು ಕಂಬದ ಒಳಗಿನಿಂದ ಇಳಿದು ಗಾಡಿಯ ಅಡಿಯಲ್ಲಿ ತೆರೆದುಕೊಳ್ಳುತ್ತವೆ. ಕ್ವಾರಿ ರಸ್ತೆಗಳ ಧೂಳು ಒಳಗೆ ಕೆಸರಾಗುತ್ತದೆ, ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಕೆಳಗಿನ ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹೊಡೆದರೆ ಹೆಚ್ಚಿನವು ಬಿಟ್ಟುಕೊಳ್ಳುತ್ತವೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಒಳಗಿನ ಜೋಡಣೆಯೇ ಕಳಚಿ, ಆಮೇಲೆ ಇಡೀ ಸೀಲಿಂಗ್ ಬಿಚ್ಚಬೇಕಾಗುತ್ತದೆ. ಬಾಯಿಯಿಂದ ಊದುವುದೂ ಹೀರುವುದೂ ಬೇಡವೇ ಬೇಡ.

ಗ್ಯಾಸ್ಕೆಟ್ಟಿನ ವಿಷಯಕ್ಕೆ ಬಂದರೆ, ಅದು ಒಂದು ಇಂಚಿಗಿಂತ ಸ್ವಲ್ಪ ದಪ್ಪದ ಸ್ಪಂಜಿನ ಚೌಕಟ್ಟು. ಒಳಗಿನ ನಾಲ್ಕು ಬೋಲ್ಟ್‌ಗಳನ್ನು ಬಿಗಿದಾಗ ಒತ್ತಿಕೊಂಡು ಸುಮಾರು ಅರ್ಧ ಇಂಚಿಗೆ ಬರುತ್ತದೆ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಬೋಲ್ಟ್ ಸಡಿಲವಾಗುವುದು ಸಹಜ. ಬಿಗಿಯುವಾಗ ಒಂದನ್ನೇ ಪೂರ್ತಿ ತಿರುಗಿಸದೆ, ಎದುರುಬದುರಿನ ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಬನ್ನಿ. ಅತಿಯಾಗಿ ಬಿಗಿದರೆ ಸ್ಪಂಜು ಸತ್ತುಹೋಗುತ್ತದೆ. ಬಿಗಿದರೂ ಸೋರಿದರೆ, ಮುಟ್ಟಿದಾಗ ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ. ಎಸಿ 40 ಕೆಜಿಯ ಆಸುಪಾಸು ಇರುತ್ತದೆ, ಅದನ್ನು ಎತ್ತುವುದು ಒಬ್ಬರ ಕೆಲಸವಲ್ಲ. ಹಳೆಯ ಅಂಟನ್ನೆಲ್ಲ ಒರೆಸಿ ಗ್ಯಾಸ್ಕೆಟ್ ಒಂದನ್ನೇ ಕೂರಿಸಬೇಕು, ಅದರ ಮೇಲೆ ಕೆಳಗೆ ಸಿಲಿಕೋನ್ ಬಳಿಯುವ ಅಗತ್ಯವಿಲ್ಲ. ಛಾವಣಿಯ ಬೇರೆ ಬಿರುಕು, ಸ್ಕ್ರೂ ತೂತುಗಳಿಗೆ ಸೀಲಂಟ್ ಹಚ್ಚಿ, ತಪ್ಪಿಲ್ಲ. ಎಸಿಯ ಬುಡಕ್ಕೆ ಮಾತ್ರ ಹಚ್ಚಲು ಯಾರಾದರೂ ಬಂದರೆ ಟ್ಯೂಬ್ ಕಿತ್ತುಕೊಳ್ಳಿ.

ಈ ಕೆಲಸಗಳಲ್ಲಿ ಫಿಲ್ಟರ್ ತೊಳೆಯುವುದು, ನೀರು ಸುರಿದು ನೋಡುವುದು ನೀವೇ ಮಾಡಬಹುದು. ಅದಕ್ಕೂ ಮೊದಲು ಎಸಿಯ ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಇನ್ವರ್ಟರ್, ಜನರೇಟರ್ ಎಲ್ಲ ನಿಂತಿರಬೇಕು. ಕವರ್ ಬಿಚ್ಚಿದರೆ ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಹೊಡೆಯಬಲ್ಲದು, ಅದು ಮೆಕ್ಯಾನಿಕ್ಕಿಗೇ ಇರಲಿ. ಒದ್ದೆ ಛಾವಣಿ ಜಾರುತ್ತದೆ, ತೆಳ್ಳನೆಯ ತಗಡು ತಗ್ಗುತ್ತದೆ. ಹುಡುಗರನ್ನು ಮೇಲಕ್ಕೆ ಹತ್ತಿಸಬೇಡಿ.

ಇನ್ನೊಂದು ಮಾತನ್ನು ನಿಮ್ಮ ಮನೆಯ ಗಂಡಸರಿಗೆ ಓದಿ ಹೇಳಿ. ಸೋರುವ ನೀರಿಗೆ ದಾರಿ ಮಾಡಲು ಗಾಡಿಯ ನೆಲದಲ್ಲಿ ತೂತು ಕೊರೆದು ಪೈಪ್ ಇಳಿಸುವವರಿದ್ದಾರೆ. ಪೈಪಿನ ಸುತ್ತ ಸಂದು ಹಾಗೇ ಉಳಿದರೆ ಅದೇ ಸಂದಿನಿಂದ ಎಂಜಿನ್ ಅಥವಾ ಜನರೇಟರಿನ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಆ ಎಚ್ಚರಿಕೆಯೂ ಸಿಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಬಂದ ಇದೇ ಅನಿಲ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ನಮ್ಮಲ್ಲಿ ಉರೂಸ್‌ಗೆಂದು ಮುರುಗಮಲ್ಲಕ್ಕೆ ಹೋದವರು, ಮದುವೆ ಮನೆಯ ಚಾಲಕರು ಗಾಡಿಯ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎಸಿಯಲ್ಲಿ ನಿದ್ದೆ ಮಾಡುವುದನ್ನು ನೋಡಿದ್ದೇನೆ. ಆ ನಿದ್ದೆ ಬೇಡ. ಗಾಡಿಯಲ್ಲಿ ಮಲಗಲೇಬೇಕಾದರೆ ಎಂಜಿನ್, ಜನರೇಟರ್ ಎರಡೂ ಆರಿಸಿ ಕಿಟಕಿ ತೆರೆಯಿರಿ. ಕ್ಯಾರವಾನ್ ಇಟ್ಟುಕೊಂಡವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಲಿ.

ಸೋರುವುದು ನಿಂತ ಮೇಲೂ ಬೂಷ್ಟು ಉಳಿದಿರುತ್ತದೆ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಬ್ಬಸ, ಕೆಮ್ಮು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಮುಚ್ಚಿದ ಗಾಡಿಯಲ್ಲಿ ಎಸಿ ಅದೇ ಗಾಳಿಯನ್ನು ಸುತ್ತಿಸಿ ಸುತ್ತಿಸಿ ಮುಖಕ್ಕೆ ಹೊಡೆಯುತ್ತದೆ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟು ಹಿಡಿಯುವುದು ಕಡಿಮೆ. ನಮ್ಮದು ಮೂರು ತಿಂಗಳು ನೆನೆದಿತ್ತು. ಸ್ಪಂಜು, ಬಟ್ಟೆ, ಉಬ್ಬಿದ ಪ್ಲೈವುಡ್ ಇವನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ತಗಡು, ಪ್ಲಾಸ್ಟಿಕ್, ಗಾಜು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿದರೆ ಸಾಕು. ಬ್ಲೀಚಿಂಗ್ ಬಳಸುವುದಾದರೆ ನೀರಿನಲ್ಲಿ ತೆಳ್ಳಗೆ ಮಾಡಿ, ಕಿಟಕಿ ತೆರೆದು ಬಳಸಿ. ಅದರ ಜೊತೆ ಟಾಯ್ಲೆಟ್ ಆಸಿಡ್ ಅಥವಾ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಎದ್ದು ಆಸ್ಪತ್ರೆ ಸೇರಬೇಕಾಗುತ್ತದೆ. ಈ ಕೆಲಸ ಮಾಡುವವರು ಮಾಸ್ಕ್ ಹಾಕಿಕೊಳ್ಳಲಿ, ದಮ್ಮು ಇರುವವರು ಆ ದಿನ ಹತ್ತಿರವೂ ಬಾರದಿರಲಿ.

ಅಮ್ಮಿಯ ದಮ್ಮಿಗೆ ಬೂಷ್ಟೊಂದೇ ಕಾರಣ ಎಂದು ಡಾಕ್ಟರಮ್ಮ ಹೇಳಲಿಲ್ಲ. ರೀಲಿಂಗ್ ಆವಿಯೂ ಇದೆ, ವಯಸ್ಸೂ ಇದೆ. ಆದರೆ ಗಾಡಿ ಬಿಟ್ಟು ಒಳಕೋಣೆಯಲ್ಲಿ ಮಲಗಿದ ಎರಡು ವಾರಕ್ಕೆ ರಾತ್ರಿ ಏಳುವುದು ನಿಂತಿತು. ಇನ್‌ಹೇಲರ್ ಹಳೆಯ ಲೆಕ್ಕಕ್ಕೆ ಬಂತು. ದಮ್ಮಿರುವ ಜಾಗದಿಂದ ಬಿಡಿಸಿ ನಾವೇ ಅವರನ್ನು ಒದ್ದೆ ಸೀಲಿಂಗಿನ ಕೆಳಗೆ ಮಲಗಿಸಿದ್ದೆವಲ್ಲ ಎಂಬುದು ನನಗೆ ಇನ್ನೂ ಚುಚ್ಚುತ್ತದೆ. ಔಷಧಿಯನ್ನು ಮಾತ್ರ ಡಾಕ್ಟರನ್ನು ಕೇಳದೆ ನೀವಾಗಿ ಕಡಿಮೆ ಮಾಡಬೇಡಿ.

ಕ್ಯಾರವಾನ್ ನಮಗೆಲ್ಲಿ ಬಂತು ಎನ್ನುತ್ತೀರಾ? ನಿಮ್ಮ ಮನೆಯ ಗೋಡೆಯ ಎಸಿಗೂ ಇದೇ ಲೆಕ್ಕ. ಅಲ್ಲಿ ಸೋರಲು ಕಾರಣ ಹೆಚ್ಚಾಗಿ ಮೂರೇ: ಫಿಲ್ಟರ್ ಕೊಳೆ, ಪೈಪಿನಲ್ಲಿ ಲೋಳೆ, ಪೈಪಿಗೆ ಇಳಿಜಾರಿಲ್ಲ. ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಬೇಕು, ನಡುವೆ ಎಲ್ಲೂ ಮೇಲೆ ಏರಬಾರದು. ಧೂಳಿನ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಪೈಪಿನ ನೀರು ಪಕ್ಕದ ಮನೆಯವರ ಗೋಡೆಗೆ ಬೀಳದಂತೆ ನೋಡಿಕೊಳ್ಳಿ, ನಿಮ್ಮ ಎಸಿಯ ನೀರಿಗೆ ಅವರ ಗೋಡೆ ಬೂಷ್ಟು ಹಿಡಿದರೆ ಉಬ್ಬಸ ಬರುವುದು ಅವರ ಮಕ್ಕಳಿಗೆ.

ಮಸೀದಿಯ ಕಮಿಟಿಯವರೂ ಗಮನಿಸಿ. ವಾರವಿಡೀ ಮುಚ್ಚಿದ್ದು ಶುಕ್ರವಾರ ಮಾತ್ರ ಓಡುವ ಎಸಿಯ ಕೆಳಗಿನ ಕಾರ್ಪೆಟ್ ಎಷ್ಟೋ ಕಡೆ ಅಂಚಿನಲ್ಲಿ ಒದ್ದೆ ಇರುತ್ತದೆ. ಸಜ್ದಾದಲ್ಲಿ ಹಣೆ, ಮೂಗು ತಾಗುವುದು ಅಲ್ಲಿಗೇ. ಮೇಲೆ ಅತ್ತರ್ ಸಿಂಪಡಿಸಿದರೆ ವಾಸನೆ ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ. ಕಾರ್ಪೆಟ್ ಎತ್ತಿ ಎರಡೂ ಕಡೆ ಬಿಸಿಲಿಗೆ ಹಾಕಿ.

ವಾಟ್ಸಾಪಿನಲ್ಲಿ ಬರುವ ಒಂದು ಹೆದರಿಕೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಎಸಿ ನೀರಿನಿಂದ ನ್ಯುಮೋನಿಯಾ ಬಂದು ಸಾಯುತ್ತಾರೆ ಎಂಬುದಕ್ಕೆ ಮೂಲ 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಭೆಗೆ ಬಂದವರಿಗೆ ತಗುಲಿದ ರೋಗ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1977ರಲ್ಲಿ ಪತ್ತೆ ಮಾಡಿ ಲೀಜಿಯೊನೆಲ್ಲಾ ಎಂದು ಹೆಸರಿಟ್ಟರು. ಅದು ಮುಖ್ಯವಾಗಿ ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್, ನೀರಿನ ಕೊಳವೆಗಳಲ್ಲಿ ಬೆಳೆಯುವಂಥದ್ದು. ಮನೆಯ, ಗಾಡಿಯ ಎಸಿ ಆ ಬಗೆಯದ್ದಲ್ಲ.

ನಮ್ಮಲ್ಲಿ ಹೆದರಬೇಕಾದ್ದು ಬಕೆಟ್ಟಿಗೆ. ಎಸಿ ಪೈಪಿನ ಕೆಳಗಿಟ್ಟ ಬಕೆಟ್, ಹಳೆಯ ಡಬ್ಬ, ಛಾವಣಿಯ ತಗ್ಗು ಇವುಗಳಲ್ಲಿ ನಿಂತ ತಿಳಿನೀರು ಡೆಂಗಿ ಸೊಳ್ಳೆಗೆ ಬಹಳ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದಿತು. ವಾರಕ್ಕೊಮ್ಮೆ ಬಕೆಟ್ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಅಂಟಿಕೊಂಡ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ.

ಆ ನೀರನ್ನು ಏನು ಮಾಡುವುದು ಎಂದು ಹಲವು ಸಹೋದರಿಯರು ಕೇಳುತ್ತಾರೆ. ಬೋರ್‌ವೆಲ್ ಒಣಗುವ ನಮ್ಮ ಊರುಗಳಲ್ಲಿ ಚೆಲ್ಲಲು ಮನಸ್ಸು ಬಾರದು, ಸರಿಯೇ. ಅಂದಂದೇ ಗಿಡಕ್ಕೆ ಹಾಕಿ, ನೆಲ ಒರೆಸಿ. ಅದರಿಂದ ವುಝೂ ಆಗುತ್ತದೆಯೇ ಎಂಬುದನ್ನು ಉಲಮಾಗಳನ್ನು ಕೇಳಿ, ಆದರೆ ಆರೋಗ್ಯದ ದೃಷ್ಟಿಯಿಂದ, ಧೂಳು ಹಿಡಿದ ಕಾಯಿಲ್ ಮೇಲೆ ಹರಿದು ಬಕೆಟ್ಟಿನಲ್ಲಿ ನಿಂತ ನೀರನ್ನು ಬಾಯಿಗೆ, ಮೂಗಿಗೆ ಹಾಕುವುದು ಬೇಡ. ಕುಡಿಯಲಂತೂ ಬೇಡ. ಇನ್ವರ್ಟರ್ ಬ್ಯಾಟರಿಗೂ ಹಾಕುತ್ತಾರೆ, ಅದು ಡಿಸ್ಟಿಲ್ಡ್ ವಾಟರ್ ಅಲ್ಲ, ಬ್ಯಾಟರಿ ಬೇಗ ಹಾಳಾಗುತ್ತದೆ.

ಭಾಯಿಯ ಗಾಡಿ ಹೊಸ ಸೀಲಿಂಗ್ ಹಾಕಿಕೊಂಡು ಮತ್ತೆ ಬಾಡಿಗೆಗೆ ಹೋಗುತ್ತಿದೆ. ಎಸಿ ಓಡುವಾಗ ಈಗ ಹಿಂದಿನ ಚಕ್ರದ ಪಕ್ಕದಲ್ಲಿ ನೀರು ಬೀಳುತ್ತಿರುತ್ತದೆ. ನಿಮ್ಮ ಗಾಡಿ ಸೋರುತ್ತಿದೆ ಎಂದು ದಾರಿಯಲ್ಲಿ ಯಾರಾದರೂ ಕೂಗಿ ಹೇಳಿದರೆ ಭಾಯಿ ಕೈಯೆತ್ತಿ ಶುಕ್ರಿಯಾ ಹೇಳಿ ಮುಂದೆ ಹೋಗುತ್ತಾರೆ.